ನಮ್ಮ ಕಡೆ ಸಾಕ್ಷಿಯೇ ಸುಳ್ಳು ಹೇಳಿದಾಗ

ಶಿರಸಿಯಲ್ಲಿ ಸಿವಿಲ್ ಕೇಸು ನಡೆಸುವ ವಕೀಲ ನಾನು. ಎದುರು ಪಕ್ಷದವರ ಸುಳ್ಳು ಹಿಡಿದ ಕತೆ ಎಲ್ಲ ವಕೀಲರ ಹತ್ತಿರವೂ ಇರುತ್ತದೆ. ಇದು ನಾನು ಕರೆತಂದ ಸಾಕ್ಷಿಯೇ ಸಿಕ್ಕಿಬಿದ್ದ ಕತೆ.

ದಾರಿ ತಕರಾರು. ನನ್ನ ಕಕ್ಷಿದಾರರ ಅಡಿಕೆ ತೋಟಕ್ಕೆ ಇಳಿಯುವ ದಾರಿ ಪಕ್ಕದವರ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಹಾದುಹೋಗುತ್ತಿತ್ತು. ಅವರು ಒಂದು ದಿನ ಬೇಲಿ ಕಟ್ಟಿದರು. ಯಾರ ಅಪ್ಪಣೆಯನ್ನೂ ಕೇಳದೆ, ರಾಜಾರೋಷವಾಗಿ, 20 ವರ್ಷ ಬಿಡದೆ ಓಡಾಡಿದ್ದರೆ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ದಾರಿಯ ಹಕ್ಕು ಬರುತ್ತದೆ. ಓಡಾಡಿದ್ದು ನಿಜವೇ. ಅದನ್ನು ಹೇಳುವವರು ಬೇಕಿತ್ತು.

"ನಮ್ಮ ಭಾವ ಹೇಳ್ತಾನೆ ವಕೀಲ್ರೇ. ಪಕ್ಕದ ತೋಟ ಅವಂದೇ. ಕಲಿತವ, ಹೆದರೂದಿಲ್ಲ" ಅಂದರು ಕಕ್ಷಿದಾರರು. ಈಗ ಮುಖ್ಯ ವಿಚಾರಣೆ, ಅಂದರೆ ಕರೆತಂದ ಪಕ್ಷದ ಪರವಾಗಿ ಸಾಕ್ಷಿ ಮೊದಲು ಕೊಡುವ ಹೇಳಿಕೆ, ಅಫಿಡವಿಟ್ಟಿನಲ್ಲೇ ಮುಗಿಯುತ್ತದೆ ಅಲ್ವಾ? ನಾನೂ ಜಾಸ್ತಿ ಕೇಳದೆ ಟೈಪ್ ಮಾಡಿಸಿದೆ. "ಸುಮಾರು 30 ವರ್ಷಗಳಿಂದ ಸದರಿ ದಾರಿಯನ್ನು ಕಣ್ಣಾರೆ ನೋಡಿರುತ್ತೇನೆ." ಆತ ಓದಿ, ಸಹಿ ಹಾಕಿದರು.

ಆ ಹೇಳಿಕೆಯನ್ನು ಪ್ರಶ್ನಿಸುವ ಪಾಟೀ ಸವಾಲಿಗೆ ಎದುರು ವಕೀಲರು ಎದ್ದರು. ಜೋರು ದನಿಯಿಲ್ಲ, ಗದರಿಕೆಯಿಲ್ಲ. ನಿಮ್ಮ ತೋಟ ಪಿತ್ರಾರ್ಜಿತವೋ, ಕ್ರಯಕ್ಕೆ ತಗೊಂಡಿದ್ದೋ? ಕ್ರಯಕ್ಕೆ. ಯಾವ ವರ್ಷ? ಆತ ತಡವರಿಸಿದರು. ಅವರದೇ ಕ್ರಯಪತ್ರದ ದೃಢೀಕೃತ ನಕಲು ಕೈಗೆ ಬಂತು. 2008. ಅದರಲ್ಲಿ ವಿಳಾಸ ಹುಬ್ಬಳ್ಳಿ. ಅದಕ್ಕೂ ಮುಂಚೆ ಆ ಊರಿನ ಕಡೆ ಬಂದಿದ್ದೇ ಇಲ್ಲ ಅಂತ ಅವರ ಬಾಯಲ್ಲೇ ಬಂತು. ನಮ್ಮ ಕೋರ್ಟುಗಳಲ್ಲಿ ಸಾಕ್ಷಿ ಹೇಳಿಕೆ ಬರೆಯುವ ಧಾಟಿಯೇ ಬೇರೆ: "2008ಕ್ಕಿಂತ ಮುಂಚೆ ದಾರಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ ಎಂದರೆ ಸರಿ." ಕೊನೆಗೆ ಎಲ್ಲ ಪಾಟೀ ಸವಾಲಿನಲ್ಲೂ ಬರುವ ಸಾಲು: "ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಅವತ್ತು ಆ ಸಾಲು ಹೇಳುವಾಗ ಆತ ನನ್ನ ಮುಖ ನೋಡಿದರು. ನಾನು ಫೈಲು ನೋಡಿದೆ.

ಸುಳ್ಳು ಸಾಕ್ಷಿಗೆ ಕ್ರಮ ಆಗಬೇಕು ಅಂತ ಎದುರಿನವರು ಆಗಿನ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 340ರ ಕೆಳಗೆ ಅರ್ಜಿ ಹಾಕಿದರು. ರಾತ್ರಿ ಭಾವ ನಮ್ಮ ಮನೆಗೇ ಬಂದರು. "ಪೊಲೀಸ್ರು ಬರ್ತಾರಾ?"

ಹಾಗೆ ಬರುವುದಿಲ್ಲ. ಕೋರ್ಟಿನಲ್ಲಿ ಹೇಳಿದ ಸುಳ್ಳಿಗೆ ಎದುರು ಪಕ್ಷದವರು ನೇರ ಕೇಸು ಹಾಕಲು ಆಗುವುದಿಲ್ಲ. ಕೋರ್ಟೇ ಮ್ಯಾಜಿಸ್ಟ್ರೇಟರಿಗೆ ಲಿಖಿತ ದೂರು ಕೊಡಬೇಕು. ಶಿಕ್ಷೆ ಏಳು ವರ್ಷದವರೆಗೂ ಹೋಗಬಹುದು. ಆಗ ಐಪಿಸಿ 193 ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 229, ಅರ್ಜಿಗೆ 340ರ ಬದಲು ನಾಗರಿಕ ಸುರಕ್ಷಾ ಸಂಹಿತೆಯ 379. ಹೇಳಿಕೊಟ್ಟವರನ್ನೂ ಬಿಡುವುದಿಲ್ಲ. ಮರೆತು ತಪ್ಪು ಹೇಳಿದರೆ ಅಪರಾಧವಲ್ಲ, ಸುಳ್ಳು ಅಂತ ಗೊತ್ತಿದ್ದೂ ಹೇಳಿರಬೇಕು. ಇಲ್ಲಿ ಗೊತ್ತಿತ್ತು. ಹಾಗಂತ ಎಲ್ಲ ಸುಳ್ಳಿಗೂ ದೂರು ಕೊಡಲೇಬೇಕೆಂದಿಲ್ಲ, ನ್ಯಾಯದ ಹಿತಕ್ಕೆ ಅಗತ್ಯ ಅನಿಸಿದರೆ ಮಾತ್ರ ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಆ ಆಧಾರದ ಮೇಲೆ ನಮ್ಮ ಭಾವ ಉಳಿದುಕೊಂಡರು.

ದಾವೆ ಉಳಿಯಲಿಲ್ಲ. 20 ವರ್ಷ ಸಾಬೀತಾಗಿಲ್ಲ, ವಜಾ. ಇಂಥ ಸಾಕ್ಷಿಯನ್ನು ಕರೆತಂದ ವಾದಿಯ ಮಾತನ್ನು ನೆಚ್ಚುವುದು ಕಷ್ಟ ಅಂತ ತೀರ್ಪಿನಲ್ಲಿ ಒಂದು ಸಾಲು. ಕಕ್ಷಿದಾರರು ಹೇಳಿದ್ದೆಲ್ಲ ನಿಜವಾಗಿತ್ತು. ಆ ಸಾಲನ್ನು ಅವರು ನನ್ನಿಂದ ಎರಡು ಸಲ ಓದಿಸಿದರು. ಆಮೇಲೆ ಮೇಲ್ಮನವಿ ಬೇಡ ಅಂದು, ದುಡ್ಡು ಕೊಟ್ಟು ರಾಜಿ ಮಾಡಿಕೊಂಡರು.

ಈಗ ಸಾಕ್ಷಿಯನ್ನು ಒಬ್ಬರೇ ಕೂರಿಸಿಕೊಳ್ಳುತ್ತೇನೆ. ಕಕ್ಷಿದಾರರು ಹೊರಗೆ. ಮೊದಲು ಪಹಣಿ, ಕ್ರಯಪತ್ರ ನೋಡುತ್ತೇನೆ. "ಇದು ನಿಮಗೆ ಹೇಗೆ ಗೊತ್ತು?" ಅನ್ನುವುದೇ ಮೊದಲ ಪ್ರಶ್ನೆ. ನೋಡಿದ್ದೋ, ಕೇಳಿದ್ದೋ? ಉತ್ತರ ಬಾರದಿದ್ದರೆ ಟೈಪ್ ಮಾಡಿಸುವುದಿಲ್ಲ. ಕೆಲವರು ಸಿಟ್ಟಾಗಿ ಬೇರೆ ವಕೀಲರ ಕಡೆ ಹೋಗಿದ್ದೂ ಉಂಟು.

ರಾಜಿಯಾದ ಮೇಲೆ ಆ ತೋಟ ನೋಡಲು ಹೋಗಿದ್ದೆ. ಸೊಪ್ಪಿನ ಹೊರೆ ಇಳಿಸಿ ಕೂತಿದ್ದ ಕೆಲಸದ ಅಜ್ಜಿಯನ್ನು ಸುಮ್ನೆ ಕೇಳಿದೆ, ಈ ದಾರಿ ಎಷ್ಟು ವರ್ಷದಿಂದ ಗೊತ್ತು ಅಂತ. ಅವಳನ್ನು ಸಾಕ್ಷಿ ಮಾಡುವ ಯೋಚನೆ ಯಾರಿಗೂ ಬಂದಿರಲಿಲ್ಲ. ಕೋರ್ಟಿನಲ್ಲಿ ಮಾತಾಡಲು ಬರುವುದಿಲ್ಲ ಅಂತ. ಮಾರಿಜಾತ್ರೆ ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ. ಅಜ್ಜಿ ಬೆರಳು ಮಡಚಿ ಎಣಿಸಿದಳು.

"ವರ್ಷ ಗಿರ್ಷ ಗೊತ್ತಿಲ್ರಾ. ಮಗ ಹೊಟ್ಟೆಲಿದ್ದಾಗ ಇದೇ ದಾರಿಲಿ ಹೊರೆ ಹೊತ್ತಿದ್ದೆ. ಅವ ಹುಟ್ಟಿದ ಮೇಲೆ ಹದಿನೆಂಟು ಜಾತ್ರೆ ಆಯ್ತು."