ಹನ್ನೊಂದನೆಯ ಪ್ರವೇಶಕ್ಕೆ ಒಂಬತ್ತರಲ್ಲೇ ಕೈಹಚ್ಚಬೇಕು

ಮುಂಬಯಿ ಉಪನಗರದ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಹತ್ತನೇ ಇಯತ್ತೆಯ ಮಕ್ಕಳನ್ನು ಜೂನಿಯರ್ ಕಾಲೇಜಿಗೆ, ಅಂದರೆ ಹನ್ನೊಂದು-ಹನ್ನೆರಡನೆಯ ತರಗತಿಗೆ, ಸಿದ್ಧಪಡಿಸುವ ಕೆಲಸ ನಮ್ಮದು. ಫಲಿತಾಂಶ ಬಂದ ಮೇಲೆ ಪ್ರವೇಶದ ಚಿಂತೆಗೆ ಕೂತರೆ ಆಗಲೇ ತಡವಾಗಿರುತ್ತದೆ. ಒಂಬತ್ತನೆಯ ತರಗತಿ ಶುರುವಾದ ಜೂನ್ ತಿಂಗಳಲ್ಲೇ ನಾವು ಜನರಲ್ ರಿಜಿಸ್ಟರ್ (ಶಾಲೆಗೆ ಸೇರಿದ ಮಕ್ಕಳ ವಿವರದ ದಾಖಲೆ ಪುಸ್ತಕ) ತೆರೆದು ಕೂರುತ್ತೇವೆ.

ಪ್ರತಿ ಮಗುವಿನ ಸಾಲನ್ನೂ ಜನ್ಮದಾಖಲೆ ಮತ್ತು ಆಧಾರ್ ಜೊತೆ ಇಟ್ಟು ಐದು ಸಂಗತಿ ನೋಡುತ್ತೇವೆ: ಹೆಸರು, ಹುಟ್ಟಿದ ದಿನಾಂಕ, ಹುಟ್ಟಿದ ಊರು, ಜಾತಿ, ಮಾತೃಭಾಷೆ. ಹೆಚ್ಚು ತೊಡಕು ಹೆಸರಿನಲ್ಲೇ. ಹತ್ತನೆಯ ಪರೀಕ್ಷೆ ನಡೆಸುವ ಮಹಾರಾಷ್ಟ್ರದ ಬೋರ್ಡಿಗೆ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು, ತಾಯಿಯ ಹೆಸರು ಬೇಕು. ಶೆಟ್ಟಿ, ಪೂಜಾರಿ, ಪಾಟೀಲ ಎಂದು ಅಡ್ಡಹೆಸರು ಇರುವವರಿಗೆ ಕಷ್ಟವಿಲ್ಲ. ಹಾಸನ, ತುಮಕೂರು ಕಡೆಯ ಮನೆಗಳಲ್ಲಿ ಬರೀ ಇನಿಷಿಯಲ್. ಒಂದು ಕಾಗದದಲ್ಲಿ ಊರಿನ ಹೆಸರೇ ಅಡ್ಡಹೆಸರಾಗಿರುತ್ತದೆ, ಇನ್ನೊಂದರಲ್ಲಿ ಅಜ್ಜನ ಹೆಸರು. ಮಗು ಶಾಲೆಯ ಹಾಜರಿಯಲ್ಲಿ ಇರುವಾಗಲೇ ಪಾಲಕರ ಅರ್ಜಿ ಮತ್ತು ಪುರಾವೆ ಜೋಡಿಸಿ, ಮುಖ್ಯೋಪಾಧ್ಯಾಯರ ಪ್ರಸ್ತಾವನೆಯೊಂದಿಗೆ ಶಿಕ್ಷಣ ನಿರೀಕ್ಷಕರ ಕಚೇರಿಯಿಂದ ತಿದ್ದುಪಡಿಗೆ ಒಪ್ಪಿಗೆ ತರಬೇಕು. ಎಲ್.ಸಿ. (ಶಾಲೆ ಬಿಟ್ಟ ಪ್ರಮಾಣಪತ್ರ) ಕೈಗೆ ಹೋದ ಮೇಲೆ ಆ ದಾರಿ ಬಹುತೇಕ ಮುಚ್ಚಿದಂತೆ. ಪರೀಕ್ಷಾ ಅರ್ಜಿ ತುಂಬಿದ ನಂತರ ಬೋರ್ಡಿನಿಂದ ಪರಿಶೀಲನೆಗೆ ಬರುವ ವಿವರಗಳ ಪಟ್ಟಿ, ಅಂದರೆ ಪ್ರೀ-ಲಿಸ್ಟನ್ನು ಮಗು ಮತ್ತು ಪಾಲಕರು ಇಬ್ಬರೂ ಓದಿ ಸಹಿ ಹಾಕಬೇಕು ಎಂಬುದು ನಮ್ಮ ನಿಯಮ. ಒಂದು ಅಕ್ಷರ ತಪ್ಪಿದರೂ ಅದೇ ಅಂಕಪಟ್ಟಿಗೆ ಹೋಗುತ್ತದೆ.

ಮಾತೃಭಾಷೆಯ ಕಾಲಂ ಬಗ್ಗೆ ಪಾಲಕರಿಗೆ ಅಷ್ಟಾಗಿ ಗೊತ್ತಿಲ್ಲ. ಭಾಷಾ ಅಲ್ಪಸಂಖ್ಯಾತ ಸಂಸ್ಥೆಗಳ ಜೂನಿಯರ್ ಕಾಲೇಜುಗಳಲ್ಲಿ ಆ ಭಾಷೆಯ ಮಕ್ಕಳಿಗೆ ಮೀಸಲು ಸೀಟುಗಳಿವೆ, ಅದಕ್ಕೆ ಎಲ್.ಸಿ.ಯಲ್ಲಿ ಬರೆದ ಮಾತೃಭಾಷೆಯೇ ಆಧಾರ. ಕರಾವಳಿಯವರ ಮನೆಮಾತು ತುಳು ಅಥವಾ ಕೊಂಕಣಿ, ಹಾಗಾಗಿ ಒಂದನೆಯ ತರಗತಿಗೆ ಸೇರಿಸುವಾಗ ಹಾಗೆಯೇ ಬರೆಸಿರುತ್ತಾರೆ. ಕೆಲವು ಕಡೆ ಗುಮಾಸ್ತರು ‘ಮರಾಠಿ’ ಎಂದೇ ಬರೆದುಬಿಟ್ಟಿದ್ದೂ ಉಂಟು. ಯಾವ ಕಾಲೇಜಿನ ಅಲ್ಪಸಂಖ್ಯಾತ ಮಾನ್ಯತೆ ಯಾವ ಭಾಷೆಗೆ ಎಂದು ಮೊದಲೇ ವಿಚಾರಿಸಿ, ದಾಖಲೆ ತಪ್ಪಾಗಿದ್ದರೆ ಆಗಲೇ ಸರಿಪಡಿಸಿಕೊಳ್ಳಬೇಕು. ಇದ್ದುದನ್ನು ಇದ್ದಂತೆ ಬರೆಸಬೇಕು ಅಷ್ಟೆ, ಸೀಟಿಗಾಗಿ ಭಾಷೆ ಬದಲಿಸುವುದಕ್ಕೆ ನಾವು ಒಪ್ಪುವುದಿಲ್ಲ.

ಜಾತಿ ಪ್ರಮಾಣಪತ್ರದಲ್ಲಿ ನಿರಾಸೆಯೇ ಹೆಚ್ಚು. ಉಡುಪಿ ಅಥವಾ ವಿಜಯಪುರದ ತಹಶೀಲ್ದಾರರು ಕೊಟ್ಟ ಪತ್ರ ಮಹಾರಾಷ್ಟ್ರದ ಮೀಸಲಾತಿಗೆ ನಡೆಯುವುದಿಲ್ಲ. ಇಲ್ಲಿನ ಪತ್ರ ಬೇಕೆಂದರೆ ಕುಟುಂಬ ನಿಗದಿತ ದಿನಕ್ಕೆ ಮೊದಲೇ ಮಹಾರಾಷ್ಟ್ರದಲ್ಲಿತ್ತು ಎಂದು ತೋರಿಸಬೇಕು: ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ಪರಿಶಿಷ್ಟ ಪಂಗಡಕ್ಕೆ 1950ರ ಸೆಪ್ಟೆಂಬರ್ 6, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 1961ರ ನವೆಂಬರ್ 21, ಇತರೆ ಹಿಂದುಳಿದ ವರ್ಗಕ್ಕೆ 1967ರ ಅಕ್ಟೋಬರ್ 13. ಅಜ್ಜ ಇಲ್ಲಿ ಓದಿದ ಶಾಲೆಯ ದಾಖಲೆ ಸಿಕ್ಕರೆ ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ. ಹುಡುಕಲು ತಿಂಗಳುಗಳು ಬೇಕು. ಸಿಗದಿದ್ದರೆ ಮಗು ಮೀಸಲಾತಿಯಿಲ್ಲದ ಓಪನ್ ಸೀಟಿಗೇ ಓದಬೇಕು ಎಂದು ಒಂಬತ್ತನೆಯಲ್ಲೇ ಗೊತ್ತಾಗುವುದು ಒಳ್ಳೆಯದು.

ಇನ್ನು ಭಾಷೆ. ಹತ್ತರವರೆಗೆ ಕನ್ನಡದಲ್ಲಿ ಓದಿದ ಮಗು ಹನ್ನೊಂದರಲ್ಲಿ ವಿಜ್ಞಾನ ಅಥವಾ ಕಾಮರ್ಸನ್ನು ಇಂಗ್ಲಿಷಿನಲ್ಲಿ ಓದಬೇಕು. ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕನ್ನಡ ಮತ್ತು ಇಂಗ್ಲಿಷ್ ಮಾಧ್ಯಮದ ಪುಸ್ತಕಗಳಲ್ಲಿ ಪಾಠ, ಚಿತ್ರ, ಲೆಕ್ಕ ಎಲ್ಲ ಒಂದೇ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ದಿನಕ್ಕೆ ಎಂಟು ಪದ ಬರೆಸುತ್ತೇವೆ: ವಕ್ರೀಭವನ ಎಂದರೆ ರಿಫ್ರ್ಯಾಕ್ಷನ್, ಗುರುತ್ವಾಕರ್ಷಣೆ ಎಂದರೆ ಗ್ರ್ಯಾವಿಟೇಶನ್, ಸಮಾಂತರ ಶ್ರೇಢಿ ಎಂದರೆ ಅರಿತ್‌ಮೆಟಿಕ್ ಪ್ರೊಗ್ರೆಶನ್. ಪದದ ಮುಂದೆ ಆ ಪದ ಬರುವ ಒಂದು ಇಂಗ್ಲಿಷ್ ವಾಕ್ಯವೂ ಇರಬೇಕು. ಬರೀ ಪದ ಕಲಿತವರು ಕಾಲೇಜಿನಲ್ಲಿ ಎಡವುವುದು ಪ್ರಶ್ನೆಯ ಕ್ರಿಯಾಪದದಲ್ಲಿ. ‘ಡಿರೈವ್’, ‘ಜಸ್ಟಿಫೈ’, ‘ಡಿಸ್ಟಿಂಗ್ವಿಶ್’ ಎಂದರೆ ಏನು ಬರೆಯಬೇಕು ಎಂದು ತಿಳಿಯದೆ, ಗೊತ್ತಿದ್ದ ಉತ್ತರವನ್ನೂ ಬಿಟ್ಟು ಬರುತ್ತಾರೆ. ಈ ಅಭ್ಯಾಸವನ್ನು ದೀಪಾವಳಿ ರಜೆ ಮುಗಿದ ಮೇಲೆ ಶುರುಮಾಡಿ ಪ್ರಿಲಿಮ್ (ಶಾಲೆಯ ಪೂರ್ವಸಿದ್ಧತಾ ಪರೀಕ್ಷೆ) ಹೊತ್ತಿಗೆ ನಿಲ್ಲಿಸುತ್ತೇವೆ. ಬೋರ್ಡಿಗೆ ಉತ್ತರ ಬರೆಯುವುದು ಕನ್ನಡದಲ್ಲಿ, ಆಗ ಎರಡೂ ಬೆರೆತರೆ ಅಂಕಕ್ಕೇ ಪೆಟ್ಟು. ಪರೀಕ್ಷೆ ಮುಗಿದ ಮೇಲೆ ಏಪ್ರಿಲಿನಲ್ಲಿ ಇಪ್ಪತ್ತು ದಿನ ಮತ್ತೆ ತರಗತಿ ನಡೆಯುತ್ತದೆ. ಊರಿಗೆ ಹೋಗುವ ಟಿಕೆಟನ್ನು ಮೇ ತಿಂಗಳಿಗೆ ತೆಗೆಸಿ ಎಂದು ಪಾಲಕರಿಗೆ ಡಿಸೆಂಬರಿನಲ್ಲೇ ಹೇಳಿರುತ್ತೇವೆ.

ಅಂಕದ ಲೆಕ್ಕ ಸರಳ. ಆರು ವಿಷಯ, 600 ಅಂಕ, ಅದರಲ್ಲಿ ಉತ್ತಮ ಐದರ 500 ಲೆಕ್ಕಕ್ಕೆ. ಸರ್ಕಾರದ ಇಂಟರ್‌ಮೀಡಿಯೆಟ್ ಡ್ರಾಯಿಂಗ್ (ಚಿತ್ರಕಲೆ) ಪರೀಕ್ಷೆಯಲ್ಲಿ ಎ ಗ್ರೇಡಿಗೆ 7, ಬಿ ಗೆ 5, ಸಿ ಗೆ 3 ಹೆಚ್ಚುವರಿ ಅಂಕಗಳಿವೆ. ಆದರೆ ಶಾಲೆ ಸಮಯಕ್ಕೆ ಬೋರ್ಡಿಗೆ ಪ್ರಸ್ತಾವನೆ ಕಳಿಸದಿದ್ದರೆ ಅವು ಸೇರುವುದಿಲ್ಲ.

ಹನ್ನೊಂದನೆಯ ಪ್ರವೇಶದ ಆನ್‌ಲೈನ್ ಅರ್ಜಿಯ ಮೊದಲ ಭಾಗದಲ್ಲಿ ಮಗುವಿನ ವಿವರ, ಎರಡನೆಯದರಲ್ಲಿ ಕಾಲೇಜುಗಳ ಆಯ್ಕೆ, ಹೆಚ್ಚೆಂದರೆ ಹತ್ತು. ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ನೋಡಿ ನಾವು ಹೀಗೆ ಹಂಚುತ್ತೇವೆ: ಮಗುವಿನ ಅಂಕಕ್ಕಿಂತ ತುಸು ಮೇಲಿನವು ಮೂರು, ಸರಿಸಮನಾದವು ನಾಲ್ಕು, ಖಂಡಿತ ಸಿಗುವವು ಮೂರು. ಮೊದಲ ಆಯ್ಕೆಯ ಕಾಲೇಜೇ ಸಿಕ್ಕಿತೆಂದರೆ ಸೇರಲೇಬೇಕು, ಬಿಟ್ಟರೆ ಸೀಟು ಹಂಚಿಕೆಯ ಮುಂದಿನ ಸಾಮಾನ್ಯ ಸುತ್ತುಗಳಲ್ಲಿ ಜಾಗವಿಲ್ಲ. ಆದ್ದರಿಂದ ನಿಜಕ್ಕೂ ಹೋಗುವ ಮನಸ್ಸಿರುವ ಕಾಲೇಜನ್ನು ಮಾತ್ರ ಮೊದಲಿಗೆ ಬರೆಯಬೇಕು. ಡೊಂಬಿವಲಿಯ ಮಗು ಹೆಸರು ನೋಡಿ ಚರ್ಚ್‌ಗೇಟಿನ ಕಾಲೇಜು ಬರೆದರೆ, ಸೆಂಟ್ರಲ್ ಲೈನಿನಿಂದ ದಾದರಿನಲ್ಲಿ ಇಳಿದು ವೆಸ್ಟರ್ನ್ ಹಿಡಿಯುವ ದಾರಿ ಎರಡು ವರ್ಷ ನಿತ್ಯದ ಪಾಡು.

ಕೋಡ್ ನಂಬರನ್ನು ಎರಡು ಸಲ ನೋಡಿ. ಒಂದೇ ಕಾಲೇಜಿಗೆ ಅನುದಾನಿತ, ಅನುದಾನರಹಿತ, ಸ್ವಯಂ ಅರ್ಥಸಹಾಯಿತ (ಸೆಲ್ಫ್ ಫೈನಾನ್ಸ್) ಎಂದು ಬೇರೆ ಬೇರೆ ಕೋಡ್‌ಗಳಿರುತ್ತವೆ, ಶುಲ್ಕದಲ್ಲಿ ಅಜಗಜಾಂತರ. ಸೈಬರ್ ಕೆಫೆಯಲ್ಲಿ ಅರ್ಜಿ ತುಂಬಿಸುವವರು ಹೆಸರಷ್ಟೇ ನೋಡಿ ಒತ್ತಿಬಿಡುತ್ತಾರೆ. ಅದಕ್ಕೇ ನಾವು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಪಾಲಕರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತುಂಬುವುದು. ಲಾಗಿನ್ ಐಡಿ, ಪಾಸ್‌ವರ್ಡನ್ನು ಮಗುವಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸುತ್ತೇವೆ, ಮೊಬೈಲ್ ನಂಬರ್ ಮನೆಯವರದ್ದೇ ಕೊಡಿಸುತ್ತೇವೆ. ಕೆಫೆಯವರ ನಂಬರಿಗೆ ಓಟಿಪಿ ಹೋಗಿ ಮಕ್ಕಳು ಸುತ್ತು ತಪ್ಪಿಸಿಕೊಂಡಿದ್ದುಂಟು.

ಅಲ್ಪಸಂಖ್ಯಾತ ಕೋಟಾದಲ್ಲಿ ಸೀಟು ಖಚಿತಪಡಿಸಿದರೆ ಮುಂದಿನ ಸುತ್ತುಗಳಿಂದ ಹೊರಗುಳಿಯಬೇಕಾಗುತ್ತದೆ, ಹಾಗಾಗಿ ಒತ್ತುವ ಮೊದಲು ಮನೆಯವರೆಲ್ಲ ಕೂತು ಮಾತಾಡಲಿ. ಸೀಟು ಸಿಕ್ಕ ಮೇಲೆ ಮೂಲ ಎಲ್.ಸಿ.ಯನ್ನು ಕಾಲೇಜಿಗೆ ಕೊಡುವ ಮುನ್ನ ಎರಡೂ ಬದಿ ಸ್ಕ್ಯಾನ್ ಮಾಡಿಸಿ ನಾಲ್ಕು ಝೆರಾಕ್ಸ್ ತೆಗೆದಿಡಬೇಕು. ಜಾತಿ ಪತ್ರ, ವಿದ್ಯಾರ್ಥಿವೇತನ, ಪಾಸ್‌ಪೋರ್ಟ್, ಯಾವುದಕ್ಕೆ ಹೋದರೂ ಮೊದಲು ಕೇಳುವುದು ಅದನ್ನೇ.