ಹತ್ತು ರೂಪಾಯಿ ವಹಿ ಹಿಡಿದು ನಡೆದ ಚರ್ಚೆ

ಪುಣೆಯ ಯರವಡಾ ಕಡೆ ಭಾನುವಾರ ಸಂಜೆ ಕನ್ನಡದ ಮಕ್ಕಳಿಗೆ ಪಾಠ ಹೇಳಲು ಶುರು ಮಾಡಿ ಒಂಬತ್ತು ವರ್ಷ ಆಯ್ತು. ಹೆಚ್ಚಿನವರು ಕಲಬುರಗಿ, ಯಾದಗಿರಿ ಕಡೆಯ ಗೌಂಡಿ, ಸೆಂಟ್ರಿಂಗ್ ಕೆಲಸದವರ ಮಕ್ಕಳು. ‘ಮಾರ್ಕ್ಸಿನಲ್ಲಿ ಹುಡುಗಿಯರು ಮುಂದೆ, ಹಾಗಾದ್ರೆ ಅಸಮಾನತೆ ಎಲ್ಲಿದೆ?’ ಅಂತ ಚರ್ಚೆ ಇಡ್ತೀನಿ ಅಂದಾಗ ಜೊತೆಗಿದ್ದ ಮೇಷ್ಟ್ರುಗಳು ಬೇಡವೇ ಬೇಡ ಅಂದರು. ಜಗಳ ಆಗುತ್ತೆ, ಮನೆಯವರು ಹುಡುಗಿಯರನ್ನು ಕಳಿಸೋದೇ ಬಿಡ್ತಾರೆ ಅಂದರು. ಮೂರನೇ ಸಲಕ್ಕೆ ಕೈಗೂಡಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ. ಮೈಕು, ಟ್ರೋಫಿ, ವಡಾಪಾವ್ ಸೇರಿ ಎರಡು ಸಾವಿರದ ಮೇಲೆ ಹೋಯ್ತು. ಹುಡುಗರು ಕೂಗಿದರು, ಹುಡುಗಿಯರು ತಲೆ ತಗ್ಗಿಸಿ ಕೂತರು. ಮುಂದಿನ ವಾರ ಇಬ್ಬರು ಹುಡುಗಿಯರು ಬರಲೇ ಇಲ್ಲ. ಮತ್ತೆ ಕರೆತರಲು ನಾಲ್ಕು ಸಲ ಅವರ ಮನೆಗೆ ಹೋದೆ.

ಎರಡನೇ ಸಲ ಎಲ್ಲರನ್ನೂ ಬುಧವಾರ ಪೇಠೆಯ ಭಿಡೆ ವಾಡೆ ಇದ್ದಲ್ಲಿಗೆ ಕರೆದುಕೊಂಡು ಹೋದೆ. 1848ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹುಡುಗಿಯರ ಶಾಲೆ ಶುರು ಮಾಡಿದ ಜಾಗ. ಬಸ್ಸು, ತಿಂಡಿ ಅಂತ ಮತ್ತೆ ಸಾವಿರದೆಂಟುನೂರು. ವಾಪಸ್ ಬಂದು ಚರ್ಚೆಗೆ ಕೂತರೆ ಹುಡುಗರು ‘ಅದೆಲ್ಲ ಆಗಿನ ಕಾಲ ಸರ್’ ಅಂದರು. 2024ರ ಮಹಾರಾಷ್ಟ್ರ ಎಸ್ಸೆಸ್ಸಿ (ಹತ್ತನೇ ಕ್ಲಾಸು) ಫಲಿತಾಂಶ ಬೇರೆ ಅವರ ಕೈಗೆ ಸಿಕ್ಕಿತ್ತು. ಹುಡುಗಿಯರು ಶೇ. 97.21, ಹುಡುಗರು ಶೇ. 94.56 ಪಾಸು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಡುವೆ, ಮಾರ್ಕು ಕೊಡೋದರಲ್ಲಿ ನಾನೇ ಭೇದ ಮಾಡ್ತೀನಾ ಅಂತ ಇನ್ನೊಂದು ಪರೀಕ್ಷೆ ಮಾಡಿದೆ. ಗಣಿತದ ಉತ್ತರ ಪತ್ರಿಕೆಗಳಲ್ಲಿ ಹೆಸರು ಮುಚ್ಚಿ ಮತ್ತೊಮ್ಮೆ ತಿದ್ದಿದೆ. ಹೆಸರು ಕಾಣುವಾಗ ಹುಡುಗಿಯರಿಗೆ ಇಪ್ಪತ್ತಕ್ಕೆ ಹೆಚ್ಚುಕಮ್ಮಿ ಒಂದು ಮಾರ್ಕು ಜಾಸ್ತಿ ಕೊಟ್ಟಿದ್ದೆ. ಅಂದಿನಿಂದ ಹೆಸರು ನೋಡಿ ತಿದ್ದೋದು ಬಿಟ್ಟೆ.

ಮೂರನೇ ಸಲ ಹತ್ತು ರೂಪಾಯಿಯ ಮೂವತ್ನಾಲ್ಕು ಸಣ್ಣ ವಹಿ (ನೋಟ್‌ಬುಕ್) ತಂದೆ. ಶಾಲೆ ಬಿಟ್ಟಲ್ಲಿಂದ ಮಲಗುವ ತನಕ ಅರ್ಧ ಅರ್ಧ ಗಂಟೆಗೆ ಏನು ಮಾಡಿದೆ ಅಂತ ಒಂದು ವಾರ ಬರೆಯಬೇಕು. ಹೆಸರು ಹಾಕುವಂತಿಲ್ಲ. ಓದಿ ಹೇಳಬಹುದಾ ಅಂತ ಎಲ್ಲರನ್ನೂ ಮೊದಲೇ ಕೇಳಿದೆ. ಚರ್ಚೆಯ ದಿನ ಹುಡುಗರ ಕೈಗೆ ಹುಡುಗಿಯರ ವಹಿ, ಹುಡುಗಿಯರ ಕೈಗೆ ಹುಡುಗರದು. ಯಾರ ವಹಿ ಹಿಡಿದಿದ್ದೀರೋ ಅವರ ಪರವಾಗಿಯೇ ಮಾತಾಡಬೇಕು. ಮೊದಲು ಯಾರನ್ನು ಎಬ್ಬಿಸಬೇಕು, ಹಿಂದಿನ ದಿನ ಯಾವ ಪ್ರಶ್ನೆ ಕೇಳಿ ಕಳಿಸಬೇಕು ಅನ್ನೋದರಲ್ಲಿ ಒಂದು ಕೀಲಿ ಇದೆ. ಅದು ನನ್ನ ಹತ್ತಿರವೇ ಇರಲಿ.

ಹುಡುಗಿಯರ ವಹಿಯಲ್ಲಿ ಮನೆಗೆಲಸ ದಿನಕ್ಕೆ ಸುಮಾರು ಎರಡು ಗಂಟೆ, ಹುಡುಗರದರಲ್ಲಿ ಇಪ್ಪತ್ತು ನಿಮಿಷ. 2019ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆಯ ಅಂಕಿ ಆಗ ಬೋರ್ಡಿನ ಮೇಲೆ ಬರೆದೆ: ಮನೆಗೆಲಸ ಮಾಡುವ ಹೆಂಗಸರಿಗೆ ದಿನಕ್ಕೆ 299 ನಿಮಿಷ, ಮಾಡುವ ಗಂಡಸರಿಗೆ 97. ಯಾರೂ ‘ಸುಳ್ಳು’ ಅನ್ನಲಿಲ್ಲ. ತಮ್ಮ ಜೊತೆಯವರದೇ ವಹಿ ಕೈಯಲ್ಲಿತ್ತು ಅಲ್ವಾ? ಹುಡುಗಿಯರೂ ಹುಡುಗರ ಪರವಾಗಿ ಗಟ್ಟಿಯಾಗಿ ನಿಂತರು. ‘ಶನಿವಾರ, ಭಾನುವಾರ ಅಪ್ಪನ ಜೊತೆ ಸೈಟು, ಸಿಮೆಂಟ್ ಚೀಲ ಹೊತ್ತವನಿಗೆ ಬೀಜಗಣಿತ ಹೇಗೆ ತಲೆಗೆ ಹತ್ತುತ್ತೆ?’ ಅಂತ ಒಬ್ಬಳು ಕೇಳಿದಾಗ ಇಡೀ ಕೋಣೆ ಚಪ್ಪಾಳೆ ಹೊಡೆಯಿತು.

ಎಂಟನೇ ಕ್ಲಾಸಿನ ಒಬ್ಬ ಹುಡುಗ ಓದಲು ಎದ್ದ. ‘7 ಗಂಟೆ, ರೊಟ್ಟಿ. 7:30, ರೊಟ್ಟಿ. 8 ಗಂಟೆ, ಪಾತ್ರೆ. 8:30, ತಮ್ಮನ ಹೋಮ್‌ವರ್ಕ್.’ ಅಲ್ಲಿಗೆ ನಿಂತುಬಿಟ್ಟ. ಅಕ್ಷರ ಗುರುತು ಸಿಕ್ಕಿತ್ತು. ಮೂರನೇ ಸಾಲಿನಲ್ಲಿ ಕೂತಿದ್ದ ಅವನ ಅಕ್ಕ ‘ಓದೋ, ಪರವಾಗಿಲ್ಲ’ ಅಂದಳು. ‘9:30, ನನ್ನ ಓದು’ ಅಂತ ಮುಗಿಸಿದ.

ಒಟ್ಟು ಖರ್ಚು ಚಹಾ ಸೇರಿ ಐನೂರು ದಾಟಲಿಲ್ಲ. ಬೇಡ ಅಂದಿದ್ದ ಮೇಷ್ಟ್ರೊಬ್ಬರು ತಮ್ಮ ಕ್ಲಾಸಿಗೂ ವಹಿ ಕೊಂಡಿದ್ದಾರೆ. ತಿಂಗಳ ನಂತರ ಮತ್ತೊಂದು ವಾರ ಬರೆಸಿದೆ. ಆ ಅಕ್ಕನ ವಹಿಯಲ್ಲಿ ಓದು ಈಗ 8:30ಕ್ಕೆ ಶುರುವಾಗುತ್ತದೆ. ಪಾತ್ರೆ ತಮ್ಮನ ವಹಿಗೆ ಬಂದಿದೆ.