ಮೂಲೆಯಲ್ಲಿ ‘ಚಿತ್ರಕೃಪೆ: ಅಂತರ್ಜಾಲ’, ಮೇಲೆ ನಿಮ್ಮದೇ ಚಿತ್ರ: ಮುಂದೇನು ಮಾಡಬೇಕು?

ದಾಂಡೇಲಿಯ ಕಾಡಿನಂಚಿನಲ್ಲಿ ಮೂರು ಬೆಳಗು ಕಾದು, ಅತ್ತಿಹಣ್ಣನ್ನು ಮೇಲಕ್ಕೆಸೆದು ನುಂಗುವ ಮಂಗಟ್ಟೆ ಹಕ್ಕಿಯ ಚಿತ್ರವೊಂದನ್ನು ತೆಗೆದು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದೆ. ಕೆಲವು ತಿಂಗಳ ಬಳಿಕ ಅದೇ ಚಿತ್ರ, ಎಡಬಲ ಅದಲುಬದಲಾಗಿ, ನನ್ನ ಹೆಸರಿದ್ದ ಅಂಚನ್ನು ಕಳೆದುಕೊಂಡು, ಒಂದು ವಸತಿಗೃಹದ ಜಾಹೀರಾತಾಗಿ ಫೇಸ್‌ಬುಕ್ಕಿನಲ್ಲಿ ಕಾಣಿಸಿತು. ಮೂಲೆಯಲ್ಲಿ ‘ಚಿತ್ರಕೃಪೆ: ಅಂತರ್ಜಾಲ’ ಎಂದಿತ್ತು. ಸಿಟ್ಟಿನಲ್ಲಿ ಅದರ ಕೆಳಗೇ ಖಾರವಾಗಿ ಬರೆದೆ. ಹತ್ತು ನಿಮಿಷದೊಳಗೆ ಪೋಸ್ಟ್ ಮಾಯವಾಯಿತು, ನನ್ನ ಕೈಯಲ್ಲಿ ಒಂದು ಸಾಕ್ಷ್ಯವೂ ಉಳಿಯಲಿಲ್ಲ.

ಆದ್ದರಿಂದ ಮೊದಲು ಸಾಕ್ಷ್ಯ, ಆಮೇಲೆ ಮಾತು. ಚಿತ್ರವನ್ನಷ್ಟೇ ಕತ್ತರಿಸಿಟ್ಟುಕೊಂಡರೆ ಸಾಲದು. ಪುಟದ ಪೂರ್ಣ ವಿಳಾಸ, ಖಾತೆಯ ಹೆಸರು, ದಿನಾಂಕ ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಬೇಕು. ಆ ಖಾತೆಯ ಮುಖಪುಟದಿಂದ ಚಿತ್ರದವರೆಗೆ ಹೋಗುವುದನ್ನು ಫೋನಿನಲ್ಲಿ ಸ್ಕ್ರೀನ್ ರೆಕಾರ್ಡಿಂಗ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಎಲ್ಲರಿಗೂ ತೆರೆದಿರುವ ಜಾಲಪುಟವಾದರೆ ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾದಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಅದರ ಪ್ರತಿಯನ್ನು ಉಳಿಸಬಹುದು. ವಿಷಯ ನ್ಯಾಯಾಲಯಕ್ಕೆ ಹೋದರೆ ಇಂಥ ಡಿಜಿಟಲ್ ದಾಖಲೆಗಳೊಂದಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಸೆಕ್ಷನ್ನಿನ ಪ್ರಮಾಣಪತ್ರವನ್ನು ಕೊಡಬೇಕಾಗುತ್ತದೆ. ಹಾಗಾಗಿ ಮೂಲ ಕಡತಗಳನ್ನು ಅಳಿಸಬೇಡಿ. ಅದೇ ಚಿತ್ರವನ್ನು ಬೇರೆ ಯಾರು ಬಳಸಿದ್ದಾರೆಂದು ಚಿತ್ರವನ್ನೇ ಕೊಟ್ಟು ಹುಡುಕಬಹುದಾದ ಗೂಗಲ್ ಲೆನ್ಸ್ ಮತ್ತು ಟಿನ್‌ಐ ಮೂಲಕ ಹುಡುಕುವಾಗ, ಚಿತ್ರವನ್ನು ಎಡಬಲ ತಿರುಗಿಸಿ ಇನ್ನೊಮ್ಮೆ ಹುಡುಕುವುದು ಉಪಯುಕ್ತ.

ಚಿತ್ರ ನಿಮ್ಮದೆಂಬುದಕ್ಕೆ ರಾ ಕಡತವೇ, ಅಂದರೆ ಕ್ಯಾಮೆರಾ ಉಳಿಸಿಟ್ಟ ಸಂಸ್ಕರಿಸದ ಮೂಲ ಕಡತವೇ, ಗಟ್ಟಿಯಾದ ಆಧಾರ. ವಾಟ್ಸ್ಆ್ಯಪ್, ಫೇಸ್‌ಬುಕ್‌ಗಳಲ್ಲಿ ಹಾದುಬಂದ ಜೆಪೆಗ್ ಪ್ರತಿಯಲ್ಲಿ ಕ್ಯಾಮೆರಾ, ದಿನಾಂಕಗಳ ವಿವರ ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ರಾ ಕಡತಕ್ಕಿಂತಲೂ ನಾನು ಹೆಚ್ಚು ನೆಚ್ಚಿಕೊಂಡಿರುವುದು ಅಕ್ಕಪಕ್ಕದ ಫ್ರೇಮ್‌ಗಳನ್ನು, ಅಂದರೆ ಆ ಚಿತ್ರದ ಹಿಂದೆಮುಂದೆಯೇ ತೆಗೆದ ಚಿತ್ರಗಳನ್ನು: ಹಣ್ಣು ಕೊಕ್ಕಿನ ತುದಿಯಲ್ಲಿರುವ ಹಿಂದಿನ ಫ್ರೇಮ್, ಅದು ಗಂಟಲಿಗಿಳಿದ ಮುಂದಿನ ಫ್ರೇಮ್. ನಡುವಿನದನ್ನಷ್ಟೇ ಎತ್ತಿಕೊಂಡವರ ಬಳಿ ಇವೆರಡೂ ಇರಲು ಸಾಧ್ಯವಿಲ್ಲ. ಚೆನ್ನಾಗಿ ಬಂದ ಒಂದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಅಳಿಸುವ ಅಭ್ಯಾಸವಿದ್ದವರು ಅದನ್ನು ಬಿಡುವುದು ಲೇಸು.

ಪತ್ರ ಬರೆಯುವ ಮೊದಲು ಹಕ್ಕು ನಿಜವಾಗಿ ನಿಮ್ಮದೇ ಎಂದು ನೋಡಿಕೊಳ್ಳಿ. ಕೃತಿಸ್ವಾಮ್ಯ ಕಾಯ್ದೆ, 1957ರ ಪ್ರಕಾರ ಚಿತ್ರ ತೆಗೆದವರೇ ಅದರ ಕರ್ತೃ; ಆದರೆ 17ನೇ ಸೆಕ್ಷನ್ನಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದವರು ಮೊದಲ ಹಕ್ಕುದಾರರಾಗುತ್ತಾರೆ. ಮದುವೆ ಚಿತ್ರಗಳನ್ನು ತೆಗೆಯುವವರು ಇದನ್ನು ಮರೆಯುವುದೇ ಹೆಚ್ಚು. ಕೆಲವು ಷರತ್ತುಗಳ ಮೇಲೆ ಯಾರು ಬೇಕಾದರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ನೀವೇ ಹಂಚಿದ ಚಿತ್ರವಾದರೆ, ಅದರ ಷರತ್ತು ಮುರಿದಿದೆಯೇ ಎಂಬುದಷ್ಟೇ ಪ್ರಶ್ನೆ. ವಿಮರ್ಶೆ, ಪ್ರಚಲಿತ ಘಟನೆಯ ವರದಿ ಮುಂತಾದ ನ್ಯಾಯಯುತ ಬಳಕೆಗೆ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ; ವಸತಿಗೃಹದ ಜಾಹೀರಾತು ಅದರಲ್ಲಿ ಸೇರುವುದಿಲ್ಲ. ಇನ್ನು ‘ಕೃಪೆ’ ಎಂದು ಬರೆದ ಮಾತ್ರಕ್ಕೆ ಅನುಮತಿ ಪಡೆದಂತಾಗುವುದಿಲ್ಲ, ಹೆಸರನ್ನೇ ಹಾಕಿದ್ದರೂ.

ಪತ್ರ ಚಿಕ್ಕದಾಗಿರಲಿ, ಸೌಜನ್ಯ ತಪ್ಪದಿರಲಿ. ಯಾವ ಚಿತ್ರ, ಎಲ್ಲಿ, ಯಾವ ದಿನ ಕಂಡಿತು ಎಂಬುದನ್ನು ಬರೆದು, ಎರಡು ಫ್ರೇಮ್‌ಗಳ ಸಣ್ಣ ಪ್ರತಿಯನ್ನು ಲಗತ್ತಿಸಿ, ಚಿತ್ರವನ್ನು ತೆಗೆದುಹಾಕಬೇಕೋ, ಹೆಸರು ಸೇರಿಸಬೇಕೋ, ಶುಲ್ಕ ಕೊಡಬೇಕೋ ಎಂಬುದನ್ನು ಸ್ಪಷ್ಟವಾಗಿ ಹೇಳಿ ಹದಿನೈದು ದಿನಗಳ ಗಡುವು ಕೊಡಿ. ಶುಲ್ಕ ಕೇಳುವುದಾದರೆ ನೀವು ಬೇರೆಯವರಿಗೆ ಹಾಕುವ ದರದ ಬಿಲ್ಲನ್ನೇ ಜೊತೆಗಿಡಿ. ಬಾಯಿಗೆ ಬಂದ ಲಕ್ಷಗಳು ಮಾತುಕತೆಯನ್ನು ಅಲ್ಲಿಗೇ ಕೊನೆಗೊಳಿಸುತ್ತವೆ. ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಿ.

ಉತ್ತರ ಬರದಿದ್ದರೆ ಆಯಾ ಜಾಲತಾಣದ ಕೃತಿಸ್ವಾಮ್ಯ ದೂರಿನ ನಮೂನೆಯನ್ನು ತುಂಬಿ. ಕೃತಿಸ್ವಾಮ್ಯ ನಿಯಮಗಳು, 2013ರ 75ನೇ ನಿಯಮದಡಿ ಲಿಖಿತ ದೂರು ಕೊಟ್ಟರೆ 36 ಗಂಟೆಗಳೊಳಗೆ ಜಾಲತಾಣವು ಆ ಚಿತ್ರ ಯಾರಿಗೂ ಕಾಣದಂತೆ ತಡೆಯಬೇಕೆಂದಿದೆ. ಆದರೆ 21 ದಿನಗಳಲ್ಲಿ ನ್ಯಾಯಾಲಯದ ಆದೇಶವನ್ನು ತಾರದಿದ್ದರೆ ಚಿತ್ರ ಮತ್ತೆ ಕಾಣಿಸಿಕೊಳ್ಳಬಹುದು. ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ನಿನಲ್ಲಿ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಇದೆಯಾದರೂ, ಪರಿಹಾರ ಬೇಕಿದ್ದವರಿಗೆ ಸಿವಿಲ್ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಚಿತ್ರ ಕದ್ದವರ ಊರಿಗೆ ಅಲೆಯಬೇಕಿಲ್ಲ. 62ನೇ ಸೆಕ್ಷನ್ ನೀವು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಲು ಬಿಡುತ್ತದೆ. ನೋಂದಣಿಯೂ ಕಡ್ಡಾಯವಲ್ಲ.

ಎರಡನೆಯ ಬಾರಿ, ಒಂದು ಕ್ಯಾಲೆಂಡರಿನಲ್ಲಿ ಅದೇ ಮಂಗಟ್ಟೆ ಕಂಡಾಗ, ನಾನು ಈ ಕ್ರಮದಲ್ಲೇ ನಡೆದೆ. ಒಂಬತ್ತನೆಯ ದಿನ ಬಿಲ್ಲಿನ ಮೊತ್ತ ಖಾತೆಗೆ ಬಂತು, ಜೊತೆಗೆ ಮುಂದಿನ ವರ್ಷದ ಕ್ಯಾಲೆಂಡರಿಗೆ ಇನ್ನೊಂದು ಹಕ್ಕಿಯ ಚಿತ್ರ ಸಿಗುವುದೇ ಎಂಬ ವಿಚಾರಣೆಯೂ.